ನಡಿಗೆ ಪರೀಕ್ಷೆಗಳು: ಹದಿಹರೆಯದವರ ಹೃದಯ-ಶ್ವಾಸ ಸಾಮರ್ಥ್ಯ

1. ಹದಿಹರೆಯ: 10–19 ವರ್ಷ (ವಿಶ್ವ ಆರೋಗ್ಯ ಸಂಸ್ಥೆ).

2. ಅಳತೆಗೋಲು: ವಿಒ2 ಮ್ಯಾಕ್ಸ್, ಅಂದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ. ಏಕಮಾನ: ಮಿ.ಲೀ/ಕೆ.ಜಿ/ನಿಮಿಷ. ನಿಖರ ವಿಧಾನ: ಟ್ರೆಡ್‌ಮಿಲ್ ಮೇಲೆ ಉಸಿರಿನ ಅನಿಲ ವಿಶ್ಲೇಷಣೆ. ನಡಿಗೆ ಪರೀಕ್ಷೆ ಕೊಡುವುದು ಅಂದಾಜು ಮಾತ್ರ.

3. ರಾಕ್‌ಪೋರ್ಟ್ ಪರೀಕ್ಷೆ (1987): 1 ಮೈಲಿ (1609 ಮೀ) ವೇಗದ ನಡಿಗೆ. ಸೂತ್ರಕ್ಕೆ ಐದು ಅಂಶ: ತೂಕ, ವಯಸ್ಸು, ಲಿಂಗ, ಸಮಯ, ಕೊನೆಯ ಹೃದಯ ಬಡಿತ. ಮೂಲ ಸೂತ್ರ ರೂಪುಗೊಂಡದ್ದು 30–69 ವರ್ಷದವರ ಮೇಲೆ. ಹದಿಹರೆಯದವರಿಗೆ ಹಾಗೆಯೇ ಅನ್ವಯಿಸಬಾರದು. ಮುಖ್ಯ ಅಂಶವಿದು, ಅಡಿಗೆರೆ ಹಾಕಿಕೊಳ್ಳಿ.

4. ಆರು ನಿಮಿಷದ ನಡಿಗೆ: 30 ಮೀ ಹಾದಿಯಲ್ಲಿ ಅತ್ತಿಂದಿತ್ತ ನಡಿಗೆ, ಅಳೆಯುವುದು ನಡೆದ ಒಟ್ಟು ದೂರ.

ಗೊಂದಲ ಬೇಡ: ರಾಕ್‌ಪೋರ್ಟ್‌ನಲ್ಲಿ ದೂರ ಸ್ಥಿರ, ಆರು ನಿಮಿಷದ್ದರಲ್ಲಿ ಸಮಯ ಸ್ಥಿರ. ಕೂಪರ್ ಪರೀಕ್ಷೆ (12 ನಿಮಿಷ, 1968), 20 ಮೀ ಷಟಲ್ ಎರಡೂ ನಡಿಗೆಯವಲ್ಲ, ಓಟದ ಪರೀಕ್ಷೆಗಳು.