ನಿಮ್ಮೂರಲ್ಲೊಂದು ಪೋಷಕರ ಕೂಟ: ಮೊದಲ ಬಾರಿ ನಡೆಸುವವರಿಗೆ

ಮಗು ಹುಟ್ಟಿದ ಮನೆಗೆ ಬಾಣಂತನದ ಬುದ್ಧಿ ಹೇಳಲು ಊರಿಗೆ ಊರೇ ಬರುತ್ತದೆ. ಅದೇ ಮಗು ಹದಿನಾಲ್ಕಕ್ಕೆ ಕಾಲಿಟ್ಟು ಬಾಗಿಲು ಹಾಕಿಕೊಂಡು ಕೂತಾಗ ಅಪ್ಪ-ಅಮ್ಮನ ಪಕ್ಕ ಕೂರಲು ಒಬ್ಬರೂ ಇರುವುದಿಲ್ಲ. ಮಗಳಿಗೆ ಟೈಫಾಯ್ಡ್ ಆದರೆ ಬೀದಿಗೆಲ್ಲ ಹೇಳುವ ನಾವು, ಅವಳು ಮಾತು ಬಿಟ್ಟು ವಾರವಾದದ್ದನ್ನು ಮರ್ಯಾದೆಗೆ ಅಂಜಿ ನುಂಗಿಕೊಳ್ಳುತ್ತೇವೆ. ದುಡ್ಡು ಕೊಟ್ಟು ಸೇರುವ ಪೋಷಕರ ತರಗತಿಗಳು ದೊಡ್ಡ ನಗರಗಳಲ್ಲಿವೆ. ಬೆಳಗಾಗುತ್ತಲೇ ಗಾರ್ಮೆಂಟ್ಸ್ ಗಾಡಿ ಹತ್ತುವ ತಾಯಿಗೆ, ಕಬ್ಬು ಕಡಿಯಲು ಹೋಗುವ ತಂದೆಗೆ ಅವು ದಕ್ಕುವುದಿಲ್ಲ. ಅವರಿಗೆ ಬೇಕಾದದ್ದು ಅವರ ಊರಲ್ಲೇ, ಅವರ ಬಿಡುವಿನ ಹೊತ್ತಿನಲ್ಲಿ ನಡೆಯುವ ಕೂಟ.

ಅದನ್ನು ನೀವು ನಡೆಸಬಹುದು. ನೀವು ಅಂಗನವಾಡಿ ಟೀಚರ್ ಆಗಿರಬಹುದು, ಶಾಲೆಯ ಎಸ್‌ಡಿಎಂಸಿ ಸದಸ್ಯರಾಗಿರಬಹುದು, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರೋ ನಿವೃತ್ತ ಮೇಷ್ಟ್ರೋ ಆಗಿರಬಹುದು, ಏನೂ ಅಲ್ಲದ ಒಬ್ಬ ತಾಯಿಯೂ ಆಗಿರಬಹುದು. ಮನಶ್ಶಾಸ್ತ್ರದ ಪದವಿ ಬೇಕಿಲ್ಲ. ನಡುವೆ ಬಾಯಿ ಹಾಕದೆ ಕೇಳುವ ತಾಳ್ಮೆ ಬೇಕು, ನಿಮ್ಮ ಕೈಯಲ್ಲಾಗುವುದು ಎಲ್ಲಿಗೆ ಮುಗಿಯುತ್ತದೆ ಎಂಬ ಅರಿವು ಬೇಕು.

ಹಂತ 1: ಯಾವ ವಯಸ್ಸಿನ ಮಕ್ಕಳ ಪೋಷಕರು?

ಎಲ್ಲರನ್ನೂ ಒಟ್ಟಿಗೆ ಕರೆಯಬೇಡಿ. ಮೂರು ವರ್ಷದ ಮಗು ಊಟಕ್ಕೆ ಹಟ ಮಾಡುತ್ತದೆ ಎನ್ನುವ ತಾಯಿಯ ಪಕ್ಕದಲ್ಲಿ ಕೂತು, ಮಗ ಕಾಲೇಜಿಗೆ ಹೋಗುತ್ತಿಲ್ಲ ಎಂದು ಹೇಳಲು ಯಾವ ತಂದೆಗೂ ಬಾಯಿ ಬರುವುದಿಲ್ಲ. ಎಂಟು ವರ್ಷದೊಳಗಿನವರ ಪೋಷಕರದು ಒಂದು ಗುಂಪು, ಹತ್ತರಿಂದ ಹದಿನೇಳರವರದು ಇನ್ನೊಂದು. ಎರಡರ ನಡುವಿನ ವಯಸ್ಸಿನವರು ತಮಗೆ ಹೊಂದುವ ಕಡೆ ಕೂರಲಿ. ಗುಂಪಿಗೆ ಹನ್ನೆರಡರಿಂದ ಹದಿನೈದು ಜನ, ವಾರಕ್ಕೊಮ್ಮೆ, ಒಟ್ಟು ಆರು ವಾರ. ಒಂದೇ ದಿನದ ದೊಡ್ಡ ಕಾರ್ಯಕ್ರಮಕ್ಕೆ ಮನಸ್ಸು ಎಳೆಯುತ್ತದೆ, ಮಾಡಬೇಡಿ. ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡಿ, ಎಡವಿ, ಮರಳಿ ಬಂದು ಕೇಳಲು ಪೋಷಕರಿಗೆ ವಾರಗಳು ಬೇಕು.

ಹಂತ 2: ಜಾಗ ಮತ್ತು ಹೊತ್ತು

ಜಾಗದ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಊರಿನ ಎಲ್ಲ ಕೇರಿಯವರೂ ಇಲ್ಲಿ ಅಳುಕಿಲ್ಲದೆ ಒಳಗೆ ಬಂದು, ಒಂದೇ ಜಮಖಾನದ ಮೇಲೆ ಕೂರುತ್ತಾರೆಯೇ? ಯಜಮಾನರ ಪಡಸಾಲೆ, ಒಂದು ಜಾತಿಯ ಸಮುದಾಯ ಭವನ, ದೇವಸ್ಥಾನದ ಪ್ರಾಂಗಣ ಎಷ್ಟೇ ವಿಶಾಲವಾಗಿದ್ದರೂ ಬೇಡ. ಸರ್ಕಾರಿ ಶಾಲೆಯ ಕೊಠಡಿ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಇವು ಎಲ್ಲರವು. ಮುಖ್ಯ ಶಿಕ್ಷಕರಿಗೋ ಪಿಡಿಒಗೋ ಒಂದು ಪತ್ರ ಬರೆದು ಅನುಮತಿ ಪಡೆಯಿರಿ.

ಹೊತ್ತನ್ನು ನೀವೇ ಗೊತ್ತುಮಾಡಬೇಡಿ, ಬರುವವರನ್ನು ಕೇಳಿ. ಸೋಮವಾರ ಎತ್ತು ಕಟ್ಟದ ಊರುಗಳಲ್ಲಿ ಸೋಮವಾರದ ಸಂಜೆ ಒಳ್ಳೆಯದು. ಗಾರ್ಮೆಂಟ್ಸ್‌ಗೆ ಹೋಗುವವರು ಹೆಚ್ಚಿದ್ದರೆ ಭಾನುವಾರ ಮಧ್ಯಾಹ್ನ. ಸಂತೆಯ ದಿನ, ಡೇರಿಗೆ ಹಾಲು ಹಾಕುವ ಹೊತ್ತು, ಸುಗ್ಗಿಯ ತಿಂಗಳು ಬೇಡವೇ ಬೇಡ.

ಹಂತ 3: ಉಚಿತ ಎಂದರೆ ನಿಜಕ್ಕೂ ಉಚಿತವಾಗಿರಲಿ

ಶುಲ್ಕ ಇಲ್ಲ ಎಂದು ಬೋರ್ಡು ಹಾಕಿದರೆ ಸಾಲದು. ಅರ್ಧ ದಿನದ ಕೂಲಿ ಬಿಟ್ಟು, ಆಟೋಗೆ ಕೊಟ್ಟು ಬರುವ ತಾಯಿಗೆ ನಿಮ್ಮ ಉಚಿತ ಕೂಟ ಐದಾರು ನೂರು ರೂಪಾಯಿಯ ಕೂಟವಾಗುತ್ತದೆ. ಆದ್ದರಿಂದಲೇ ನಡೆದು ಬರುವಷ್ಟು ಹತ್ತಿರದ ಜಾಗ, ಕೂಲಿ ಮುಗಿದ ಮೇಲಿನ ಹೊತ್ತು. ಕಂಕುಳಲ್ಲಿ ಕೂಸಿರುವವರು ಕೂಟದಲ್ಲಿ ಕೂರಬೇಕಾದರೆ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಆಡಿಸಲು ಇಬ್ಬರು ಬೇಕು. ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ಕೇಳಿ, ಸಂತೋಷದಿಂದ ಬರುತ್ತಾರೆ.

ಉಳಿದ ಖರ್ಚು ಚಿಕ್ಕದು: ಚಹಾ, ಬಿಸ್ಕತ್ತು ಅಥವಾ ಮಂಡಕ್ಕಿ, ಒಂದಿಷ್ಟು ಚಾರ್ಟ್ ಪೇಪರ್. ಹಾಲಿನ ಡೇರಿಯೋ ಸ್ತ್ರೀಶಕ್ತಿ ಸಂಘವೋ ವಹಿಸಿಕೊಂಡರೆ ಒಪ್ಪಿಕೊಳ್ಳಿ. ಆದರೆ ಟ್ಯೂಷನ್ ಸೆಂಟರ್, ವಿಮೆ ಏಜೆಂಟು, ಮಕ್ಕಳ ಬುದ್ಧಿ ಚುರುಕಾಗುವ ಪುಡಿ ಮಾರುವವರು ಚಹಾ ಕೊಡಿಸುತ್ತೇವೆಂದು ಬಂದರೆ ಕೈಮುಗಿದು ಕಳಿಸಿ. ಮಕ್ಕಳ ಬಗ್ಗೆ ಆತಂಕದಲ್ಲಿರುವ ತಾಯ್ತಂದೆಯರ ಮುಂದೆ ಏನನ್ನು ಮಾರುವುದೂ ತಪ್ಪು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಂತ 4: ಕರೆಯುವುದು

ಕರಪತ್ರ ಹಂಚಿದರೆ ಜನ ಬರುವುದಿಲ್ಲ. ಮನೆಗೆ ಹೋಗಿ ಕರೆಯಬೇಕು. "ಮಕ್ಕಳನ್ನ ಹೆಂಗೆ ಬೆಳೆಸ್ಬೇಕು ಅಂತ ಹೇಳ್ಕೊಡ್ತೀವಿ ಬನ್ನಿ" ಎಂದರೆ ನಿಮಗೆ ಗೊತ್ತಿಲ್ಲ ಎಂದು ಮುಖಕ್ಕೆ ಹೇಳಿದಂತಾಗುತ್ತದೆ. "ಈಗಿನ ಮಕ್ಕಳ ಜೊತೆ ಏಗೋದು ಎಲ್ರಿಗೂ ಕಷ್ಟ ಆಗಿದೆ ಅಕ್ಕಾ, ಒಟ್ಟಿಗೆ ಕೂತು ಮಾತಾಡೋಣ ಅಂತಿದೀವಿ" ಎಂದು ನೋಡಿ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಬಾಗಿಲು ಬೇಗ ತೆರೆಯುತ್ತದೆ.

ಅಪ್ಪಂದಿರನ್ನು ಬೇರೆಯಾಗಿಯೇ ಕರೆಯಿರಿ. ಹೆಂಡತಿಯ ಕೈಲಿ ಹೇಳಿ ಕಳಿಸಿದರೆ ಅವರು ಬರುವುದಿಲ್ಲ. ಅರಳಿಕಟ್ಟೆಯಲ್ಲೋ ಹೋಟೆಲಿನಲ್ಲೋ ಸಿಕ್ಕಾಗ ಹೆಸರು ಹಿಡಿದು ಮಾತಾಡಿಸಿ, "ನೀವು ಬಂದ್ರೆ ಇನ್ನೊಬ್ರು ಬರ್ತಾರೆ ಅಣ್ಣಾ" ಎನ್ನಿ. ಅಜ್ಜಿಯರಿಗೂ ಆಹ್ವಾನ ಇರಲಿ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅವರೇ.

ಹಂತ 5: ಮೊದಲ ದಿನ ಹೇಳಲೇಬೇಕಾದ ಮಾತು

ವೇದಿಕೆ, ಹಾರ, ಸ್ವಾಗತ ಭಾಷಣ ಬೇಡ. ಎಲ್ಲರೂ ದುಂಡಗೆ ಕೂರಲಿ, ನೀವೂ ಅದರಲ್ಲೇ ಕೂರಿ. ಪ್ರತಿಯೊಬ್ಬರೂ ತಮ್ಮ ಮಗುವಿನ ಹೆಸರು, ಆ ಮಗುವಿನಲ್ಲಿ ತಮಗೆ ಇಷ್ಟವಾದ ಒಂದು ಗುಣ ಹೇಳಲಿ. ದೂರು ಹೇಳಲೆಂದೇ ಬಂದವರಿಗೆ ಇದು ಸುಲಭವಲ್ಲ, ತುಸು ಕಾಯಿರಿ.

ಆಮೇಲೆ ಕೂಟದ ಕಟ್ಟುಪಾಡು. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು, ಬಾವಿಕಟ್ಟೆಗೆ ಹೋಗಬಾರದು. ಇದಕ್ಕೆ ಒಂದು ಅಪವಾದವಿದೆ, ಅದನ್ನು ಅದೇ ಉಸಿರಿನಲ್ಲಿ ಹೇಳಿ: ಯಾವುದಾದರೂ ಮಗುವಿಗೆ ಅಪಾಯವಿದೆ ಎಂದು ಗೊತ್ತಾದರೆ ನಾವು ಸುಮ್ಮನಿರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. "ಯಾರಿಗೂ ಹೇಳಲ್ಲ" ಎಂದು ಪೂರ್ತಿ ಭಾಷೆ ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಮೊದಲೇ ಹೇಳುವುದು ಪ್ರಾಮಾಣಿಕ.

ಹಂತ 6: ಭಾಷಣ ಬಿಡಿ, ಆಡಿ ತೋರಿಸಿ

ಈ ಕೆಲಸದ ಜೀವ ಇರುವುದು ಇಲ್ಲಿ. ಒಂದೂವರೆ ಗಂಟೆಯಲ್ಲಿ ನೀವು ಮಾತಾಡುವುದು ಹದಿನೈದು ನಿಮಿಷ ಮೀರದಿರಲಿ. ಮೊದಲರ್ಧ ಗಂಟೆ ಹಿಂದಿನ ವಾರದ ಮನೆಗೆಲಸ ಏನಾಯಿತೆಂದು ಕೇಳಲು, ನಂತರದ ಮುಕ್ಕಾಲು ಗಂಟೆ ಒಂದೇ ಒಂದು ವಿಷಯಕ್ಕೆ, ಉಳಿದದ್ದು ಹೊಸ ಮನೆಗೆಲಸಕ್ಕೆ ಮತ್ತು ಚಹಾಕ್ಕೆ.

ವಿಷಯ ಮೊಬೈಲು ಎಂದಿಟ್ಟುಕೊಳ್ಳಿ. ಇಬ್ಬರನ್ನು ನಡುವೆ ಕರೆಯಿರಿ. ಒಬ್ಬರು ತಾಯಿ, ಇನ್ನೊಬ್ಬರು ಹತ್ತು ವರ್ಷದ ಮಗ. ಮೊದಲ ಸಲ ಮನೆಯಲ್ಲಿ ಆಗುವ ಹಾಗೆಯೇ ಆಗಲಿ: "ಎಷ್ಟು ಸಲ ಹೇಳ್ಬೇಕು ನಿಂಗೆ? ಪಕ್ಕದ್ಮನೆ ಹುಡ್ಗನ್ನ ನೋಡಿ ಕಲಿ!" ನಿಲ್ಲಿಸಿ, ಮಗನಾದವರನ್ನು ಕೇಳಿ, ಈ ಮಾತು ಕೇಳಿದಾಗ ಮೊಬೈಲು ಕೆಳಗಿಡಬೇಕು ಅನಿಸಿತೇ? ಎರಡನೇ ಸಲ ತಾಯಿ ಹತ್ತಿರ ಬಂದು ಕೂತು ಹೇಳಲಿ: "ಪುಟ್ಟಾ, ಈ ಆಟ ಮುಗಿಯೋಕೆ ಎಷ್ಟೊತ್ತು ಬೇಕು? ಐದು ನಿಮಿಷನಾ? ಸರಿ. ಆಮೇಲೆ ಮೊಬೈಲ್ ಇಲ್ಲಿಡು, ಊಟ ಮಾಡೋಣ." ಮಗ ಇಟ್ಟ ಮೇಲೆ, "ಹೇಳಿದ್ ಹೊತ್ತಿಗೆ ಇಟ್ಬಿಟ್ಟೆ, ಖುಷಿ ಆಯ್ತು." ಬರಿಯ "ಗುಡ್ ಬಾಯ್" ಎನ್ನುವುದಕ್ಕಿಂತ ಏನು ಮಾಡಿದ್ದಕ್ಕೆ ಖುಷಿ ಎಂದು ಹೆಸರಿಸುವುದು ಮಗುವಿಗೆ ದಾರಿ ತೋರಿಸುತ್ತದೆ.

ಮಗುವಿನ ಪಾತ್ರವನ್ನು ಆದಷ್ಟೂ ಅಪ್ಪಂದಿರಿಗೆ ಕೊಡಿ. ನೆಲದ ಮೇಲೆ ಕೂತು, ಎದುರು ನಿಂತು ಗದರುವವರನ್ನು ಕತ್ತೆತ್ತಿ ನೋಡಿದಾಗ ಅವರಿಗೆ ಆಗುವ ಅರಿವನ್ನು ನಿಮ್ಮ ಯಾವ ಮಾತೂ ಕೊಡಲಾರದು.

ಮನೆಗೆಲಸ ಚಿಕ್ಕದಿರಲಿ. ಮೊದಲ ವಾರಕ್ಕೆ ನನ್ನ ಆಯ್ಕೆ ಯಾವಾಗಲೂ ಒಂದೇ: ದಿನಕ್ಕೆ ಹತ್ತು ನಿಮಿಷ ಮಗು ಹೇಳಿದ ಆಟ, ಮಗು ಹೇಳಿದ ಹಾಗೆ. ಚೌಕಾಬಾರವೋ, ಅಡುಗೆ ಆಟವೋ. ಆ ಹತ್ತು ನಿಮಿಷ ಬುದ್ಧಿ ಹೇಳುವಂತಿಲ್ಲ, ಫೋನು ಎತ್ತುವಂತಿಲ್ಲ. ಮುಂದಿನ ವಾರ ಯಾರಾದರೂ "ಆಗ್ಲಿಲ್ಲ" ಎಂದರೆ ಮುಖ ಸಣ್ಣ ಮಾಡಬೇಡಿ. ಯಾಕಾಗಲಿಲ್ಲ ಎಂದು ಗುಂಪೇ ಬಿಡಿಸಿ ನೋಡಿದಾಗ ಉಳಿದವರೂ ಕಲಿಯುತ್ತಾರೆ.

ಪಾಠಗಳನ್ನು ನೀವೇ ಹೊಸದಾಗಿ ಹೆಣೆಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಗೂಡಿ, ಕಡಿಮೆ ಆದಾಯದ ಕುಟುಂಬಗಳಿಗಾಗಿ ರೂಪಿಸಿದ ಪೇರೆಂಟಿಂಗ್ ಫಾರ್ ಲೈಫ್‌ಲಾಂಗ್ ಹೆಲ್ತ್ ಎಂಬ ಕಾರ್ಯಕ್ರಮದ ಕೈಪಿಡಿಗಳು ಉಚಿತವಾಗಿ ಸಿಗುತ್ತವೆ. ಅದರ ಹದಿಹರೆಯದವರ ಭಾಗವನ್ನು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಬಡ ಹಳ್ಳಿಗಳಲ್ಲಿ, ಪೋಷಕರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಪರೀಕ್ಷಿಸಿದ್ದಾರೆ. ಇಂಗ್ಲಿಷ್ ಬಲ್ಲ ಒಬ್ಬರು ಓದಿ ಹೇಳಿದರೆ ನಮ್ಮೂರಿಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. ಕನ್ನಡದಲ್ಲೇ ಓದುವವರಿಗೆ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಿಡಿಯಲು ಸುಲಭ.

ಹಂತ 7: "ನಾವೂ ಏಟು ತಿಂದೇ ಬೆಳೆದದ್ದು"

ಈ ಮಾತು ಬಂದೇ ಬರುತ್ತದೆ. ವಾದಕ್ಕಿಳಿಯಬೇಡಿ. "ಏಟು ತಿಂದ ಆ ದಿನ ಮನಸ್ಸಲ್ಲಿ ಏನಿತ್ತು?" ಎಂದು ಕೇಳಿ ಸುಮ್ಮನಾಗಿ. ಮಾಡಿದ ತಪ್ಪು ಯಾವುದೆಂದು ಬಹಳ ಜನಕ್ಕೆ ಮರೆತಿರುತ್ತದೆ, ಹೊಡೆದವರ ಮೇಲಿನ ಸಿಟ್ಟು, ಭಯ ನೆನಪಿರುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ ಎಂಬುದನ್ನೂ ತಿಳಿಸಿ. "ನಾಲ್ಕು ಬಾರಿಸಿ ಮೇಷ್ಟ್ರೇ" ಎನ್ನುವ ಪೋಷಕರು ಇಂದಿಗೂ ಇದ್ದಾರೆ.

ಹೊಡೆಯಬೇಡಿ ಎಂದ ಮೇಲೆ ಮತ್ತೇನು ಮಾಡಬೇಕು ಎಂಬುದನ್ನು ಹೇಳದೆ ಕೂಟ ಮುಗಿಸಬಾರದು. ಸಿಟ್ಟು ನೆತ್ತಿಗೇರಿದಾಗ ಆ ಜಾಗ ಬಿಟ್ಟು ಹೊರಬಂದು ನೀರು ಕುಡಿಯುವುದು, ತಪ್ಪಿಗೆ ಸಂಬಂಧಪಟ್ಟ ಪರಿಣಾಮ ಕೊಡುವುದು (ಚೆಲ್ಲಿದವನೇ ಒರೆಸಲಿ, ಹೇಳಿದ ಹೊತ್ತು ಮೀರಿದರೆ ನಾಳೆಯ ಆಟ ಕಡಿಮೆ), ಮನೆಯ ನಿಯಮ ಎರಡು ಮೂರಕ್ಕಿಂತ ಹೆಚ್ಚಿಲ್ಲದಂತೆ ನೋಡಿಕೊಳ್ಳುವುದು. ಇವನ್ನೂ ಆಡಿಯೇ ತೋರಿಸಿ.

ಹಂತ 8: ಹದಿಹರೆಯದವರ ಗುಂಪಿಗೆ ಬೇರೆಯದೇ ಮಾತು

ಈ ಗುಂಪಿನಲ್ಲಿ ಒಂದು ವಾರ ಪರೀಕ್ಷೆಗೆ ಮೀಸಲಿಡಿ. 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ, ಮೊದಲನೆಯದರಲ್ಲಿ ಹೋದರೆ ವರ್ಷವೇ ಹೋಯಿತು ಎಂದೇನಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಫಲಿತಾಂಶದ ದಿನ ಆಡಬಾರದ ಮಾತು ಆಡುತ್ತಾರೆ. ಆ ದಿನ ಮಗುವಿಗೆ ಹೇಳುವ ಮೊದಲ ವಾಕ್ಯವನ್ನು ಪ್ರತಿ ಪೋಷಕರೂ ಕೂಟದಲ್ಲೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ: "ಬಾ, ಮೊದಲು ಊಟ ಮಾಡು. ಮುಂದೇನು ಅಂತ ಆಮೇಲೆ ಇಬ್ರೂ ನೋಡೋಣ."

ಇನ್ನೊಂದು ವಾರ ಮೈ ಬದಲಾಗುವುದರ ಬಗ್ಗೆ. ಮುಟ್ಟಿನ ಬಗ್ಗೆ ಗಂಡುಮಕ್ಕಳಿಗೂ ತಿಳಿಸಬೇಕು ಎಂಬುದು ಹಲವರಿಗೆ ಹೊಸದು. ಮಾತಾಡಲು ಆರೋಗ್ಯ ಇಲಾಖೆಯ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರನ್ನು ಕರೆಸಿ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗಾಗಿಯೇ ಇರುವ ಸೇವೆ ಅದು.

ಹಂತ 9: ನಿಮ್ಮ ಕೈ ಮೀರಿದ್ದು

ಈ ಎರಡು ಫೋನ್ ನಂಬರನ್ನು ಒಂದು ಚಾರ್ಟಿನಲ್ಲಿ ದಪ್ಪಗೆ ಬರೆದು ಮೊದಲ ದಿನದಿಂದಲೇ ಗೋಡೆಗೆ ಅಂಟಿಸಿ. ಮಗುವಿಗೆ ಅಪಾಯ, ಬಾಲ್ಯವಿವಾಹದ ಸುಳಿವು, ಓಡಿಹೋದ ಮಗು: 1098, ಇದು ಮಕ್ಕಳ ಸಹಾಯವಾಣಿ. ಮನಸ್ಸಿನ ಸಂಕಟ, ಸಾಯುವ ಮಾತು: 14416, ಇದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಎರಡೂ ಉಚಿತ. ಎರಡು ವರ್ಷ ತುಂಬಿದರೂ ಮಾತಾಡದ, ಕರೆದರೆ ತಿರುಗದ ಮಗುವಿನ ವಿಷಯ ಬಂದರೆ "ನಮ್ಮ ಮೈದುನನೂ ತಡವಾಗೇ ಮಾತಾಡಿದ್ದು" ಎಂಬ ಸಮಾಧಾನಕ್ಕೆ ಅವಕಾಶ ಕೊಡದೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ಪರೀಕ್ಷಿಸುವ ಕೇಂದ್ರಕ್ಕೆ ಕಳಿಸಿ. ಸಾಧ್ಯವಾದರೆ ಜೊತೆಗೆ ಹೋಗಿ. ಸಾಯುವ ಮಾತಾಡಿದ ಮಗುವಿನ ಪೋಷಕರನ್ನು ಮುಂದಿನ ವಾರದವರೆಗೆ ಕಾಯಿಸಬೇಡಿ. ಅಂದೇ, ನಿಮ್ಮ ಎದುರೇ ಫೋನು ಮಾಡಿಸಿ.

ಹಂತ 10: ಆರನೇ ವಾರ

ಪ್ರಮಾಣಪತ್ರ, ಫೋಟೋ, ಪತ್ರಿಕೆಯ ಸುದ್ದಿ ಯಾವುದೂ ಬೇಕಿಲ್ಲ. ಮಕ್ಕಳ ಫೋಟೋವನ್ನಂತೂ ವಾಟ್ಸಾಪಿಗೆ ಹಾಕಲೇಬೇಡಿ. ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಒಬ್ಬೊಬ್ಬರಿಂದಲೂ ಕೇಳಿ ಬರೆದಿಟ್ಟುಕೊಳ್ಳಿ. ಓದು ಬರಹ ಬಾರದವರದನ್ನು ನೀವೇ ಬರೆಯಿರಿ. ಗುಂಪಿನಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವ ಇಬ್ಬರನ್ನು ಇಷ್ಟರಲ್ಲಿ ನೀವು ಗುರುತಿಸಿರುತ್ತೀರಿ, ಮುಂದಿನ ಗುಂಪನ್ನು ನಿಮ್ಮ ಜೊತೆ ಅವರು ನಡೆಸಲಿ. ಒಂದು ತಿಂಗಳ ನಂತರ ಎಲ್ಲರೂ ಮತ್ತೊಮ್ಮೆ ಸೇರುವ ದಿನವನ್ನು ಚಹಾ ಕುಡಿಯುವ ಮೊದಲೇ ಗೊತ್ತುಮಾಡಿ, ಕೊಠಡಿಯ ಬೀಗದ ಕೈ ಯಾರ ಹತ್ತಿರ ಎಂಬುದನ್ನೂ.