ಬಳೆಗೆ ಎರಡು ಹೆಜ್ಜೆ, ಬಾಳೆಗೆ ಒಂದು ಎಳೆತ: ನಲಿ-ಕಲಿ ಕೊಠಡಿಯ ಒಂದು ಪಾಠಾನುಭವ

ಸಂದರ್ಭ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕಬಕದ ಆಸುಪಾಸಿನ ಒಂದು ಸರಕಾರಿ ಪ್ರಾಥಮಿಕ ಶಾಲೆ. ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಿದ್ದರು. ಕೆಲವರ ಮನೆಮಾತು ತುಳು, ಕೆಲವರದು ಬ್ಯಾರಿ, ಒಬ್ಬಿಬ್ಬರದು ಕೊಂಕಣಿ ಅಥವಾ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಹೆಚ್ಚಿನವರಿಗೆ ಶಾಲೆಗೆ ಬಂದ ಮೇಲೆ ಸಿಕ್ಕ ಭಾಷೆ. ನನ್ನ ಮನೆಮಾತು ತುಳು. ಬ್ಯಾರಿ ನನಗೆ ಅಷ್ಟಾಗಿ ತಿಳಿಯದು.

ನಾನು ಆರಿಸಿಕೊಂಡ ಕಲಿಕಾಂಶ ಹ್ರಸ್ವ ಮತ್ತು ದೀರ್ಘ ಸ್ವರಗಳ ವ್ಯತ್ಯಾಸ. ಎರಡನೆಯ ತರಗತಿಯ ಮಕ್ಕಳು ‘ಬಾಳೆ’ ಎಂದು ಹೇಳಿದರೆ ‘ಬಳೆ’ ಎಂದು ಬರೆಯುತ್ತಿದ್ದರು, ‘ಕಾರು’ ಎಂದರೆ ‘ಕರು’. ಅಕ್ಷರಗಳು ಗೊತ್ತಿದ್ದವು, ಆದರೆ ಇಳಿ ಬಿಟ್ಟುಹೋಗುತ್ತಿತ್ತು.

ಮೊದಲ ಪಾಠ

ಹಾಡು ಮತ್ತು ಅಭಿನಯದ ಮೂಲಕ ಕಲಿಸುವುದೆಂದು ಪಾಠಯೋಜನೆಯಲ್ಲಿ ಬರೆದೆ. ಬಾಳೆತೋಟದ ಬಗ್ಗೆ ಒಂದು ಸಣ್ಣ ಹಾಡು ಕಟ್ಟಿದೆ. ಮಕ್ಕಳು ಬಾಳೆಎಲೆಯಂತೆ ಕೈ ಬೀಸಿದರು, ಗೊನೆ ಹೊತ್ತಂತೆ ನಡೆದರು, ಇನ್ನೊಮ್ಮೆ ಹಾಡಿಸಿ ಎಂದು ಗೋಗರೆದರು. ನಾನೂ ಹಿಗ್ಗಿದೆ. ಹಾಡು ಮುಗಿದ ಮೇಲೆ ಸ್ಲೇಟಿನಲ್ಲಿ ‘ಬಾಳೆ’ ಬರೆಯಲು ಹೇಳಿದೆ. ಹೆಚ್ಚಿನವರು ‘ಬಳೆ’ ಎಂದೇ ಬರೆದರು.

ಪಾಠ ನೋಡಲು ಬಂದಿದ್ದ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ‘ಹಾಡಿನ ಯಾವ ಭಾಗ ದೀರ್ಘವನ್ನು ಕಲಿಸಿತು?’ ನನ್ನಲ್ಲಿ ಉತ್ತರವಿರಲಿಲ್ಲ. ಕೈ ಬೀಸುವುದಕ್ಕೂ ಇಳಿಗೂ ಸಂಬಂಧವೇ ಇರಲಿಲ್ಲ. ಮಕ್ಕಳು ನಲಿದದ್ದು ನಿಜ, ಆದರೆ ಅಂದಿನ ಕಲಿಕಾಂಶ ಅವರನ್ನು ಮುಟ್ಟಿರಲಿಲ್ಲ.

ಯೋಚನೆ

ಹಾಡು, ಕುಣಿತದ ಜೊತೆ ಕಲಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು, ಮಕ್ಕಳ ಬಾಯಲ್ಲಿ ನಿಲ್ಲುವ ಹಾಡುಗಳನ್ನು ಬರೆದವರು. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳನ್ನು ಮಕ್ಕಳ ಕಲಿಕೆಗೆ ತಂದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ ಕ್ರಮದ ಹೆಸರೇ ನಲಿ-ಕಲಿ. ಆ ಎರಡು ಪದಗಳ ನಡುವೆ ಒಂದು ಗೆರೆ ಇದೆ. ನಾನು ‘ನಲಿ’ಯನ್ನು ಮಾಡಿಸಿ, ‘ಕಲಿ’ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ.

ಆಗ ಹೈಸ್ಕೂಲಿನ ಛಂದಸ್ಸು ನೆನಪಾಯಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘವೆಂದರೆ ಕಾಲದ ಅಳತೆ. ಹಾಗಾದರೆ ಅದನ್ನು ಹೆಜ್ಜೆಯಲ್ಲಿ ಅಳೆಯಬಹುದಲ್ಲ? ನಮ್ಮ ಮಕ್ಕಳಿಗೆ ಲಯ ಹೊಸದೂ ಅಲ್ಲ. ಯಕ್ಷಗಾನ ನೋಡಿ ಬಂದವನು ಮರುದಿನ ಬೆಂಚಿನ ಮೇಲೆ ಚೆಂಡೆ ಬಾರಿಸುತ್ತಾನೆ. ದಫ್ ಕೇಳಿ ಬೆಳೆದವರೂ ಕೊಠಡಿಯಲ್ಲಿದ್ದರು.

ಎರಡನೆಯ ಪಾಠ

ಅಂಗಳದಲ್ಲಿ ಒಂದು ಗೆರೆ ಎಳೆದು ಎರಡು ನಿಯಮ ಹೇಳಿದೆ. ಹ್ರಸ್ವ ಅಕ್ಷರಕ್ಕೆ ಒಂದು ಸಾದಾ ಹೆಜ್ಜೆ. ದೀರ್ಘ ಅಕ್ಷರಕ್ಕೆ ಕಾಲನ್ನು ನೆಲದ ಮೇಲೆ ಎಳೆಯಬೇಕು. ‘ಹೇಗೆ ಎಳೆಯುವುದು ಟೀಚರ್?’ ಎಂದು ಒಬ್ಬಳು ಕೇಳಿದಳು. ‘ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೀತೀರಲ್ಲ, ಹಾಗೆ’ ಎಂದೆ. ಎಲ್ಲರಿಗೂ ಅರ್ಥವಾಯಿತು. ‘ಪಾಳೆ!’ ಎಂದು ತುಳುವಿನಲ್ಲಿ ಕೂಗಿದರು. ಅದೇ ನಮ್ಮ ಮೊದಲ ಪದವಾಯಿತು: ಹಳೆ, ಹಾಳೆ. ಆಮೇಲೆ ಬಳೆ, ಬಾಳೆ, ಕರು, ಕಾರು, ಮಲೆ, ಮಾಲೆ. ರಾಗ ಬೇಡವೆಂದು ಬಿಟ್ಟೆ. ಒಬ್ಬರು ಚಪ್ಪಾಳೆಯಿಂದ ಲಯ ಹಿಡಿದರು, ಉಳಿದವರು ಪದ ಹೇಳುತ್ತ ಗೆರೆಯ ಮೇಲೆ ನಡೆದರು. ಬಳಿಕ ಆಟ ತಿರುಗಿಸಿದೆವು: ಒಬ್ಬರು ಬಾಯಿಬಿಡದೆ ನಡೆಯಬೇಕು, ಬಳೆಯೋ ಬಾಳೆಯೋ ಎಂದು ಉಳಿದವರು ಹೇಳಬೇಕು.

ಆ ತರಗತಿಯಲ್ಲಿ ಬ್ಯಾರಿ ಮನೆಮಾತಿನ ಒಬ್ಬ ಬಾಲಕನಿದ್ದ. ಒಂದೂವರೆ ವಾರದಲ್ಲಿ ಅವನು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ‘ಕನ್ನಡ ಬರುವುದಿಲ್ಲ, ಪ್ರತಿಕ್ರಿಯೆ ಇಲ್ಲ’ ಎಂದು ದಿನಚರಿಯಲ್ಲಿ ಬರೆದಿದ್ದೆ. ಅವನ ಸರದಿ ಬಂದಾಗ ದಾಟಿಸಿಬಿಡೋಣ ಎಂದುಕೊಂಡೆ. ಅವನು ತಾನೇ ಗೆರೆಯ ಮೇಲೆ ಬಂದು ನಿಂತ. ನಾನು ‘ಹಾಲು’ ಎಂದೆ. ಬಲಗಾಲನ್ನು ಉದ್ದಕ್ಕೆ ಎಳೆದ, ಎಡಗಾಲನ್ನು ಸಾದಾ ಇಟ್ಟ. ‘ಮರ’ ಎಂದೆ. ಎರಡು ಸಾದಾ ಹೆಜ್ಜೆ. ಆರು ಪದ ಕೊಟ್ಟೆ, ಆರೂ ಸರಿ.

ಅವನ ಕಿವಿಗೆ ದೀರ್ಘ ಗೊತ್ತಿತ್ತು. ಬ್ಯಾರಿಯಲ್ಲಿ ಹಾಲಿಗೆ ‘ಪಾಲ್’ ಎನ್ನುತ್ತಾರೆಂದು ತರಗತಿಯ ಶಿಕ್ಷಕಿ ಆಮೇಲೆ ಹೇಳಿದರು. ಎಳೆತ ಅವನ ಮನೆಮಾತಿನಲ್ಲೇ ಇದೆ. ನಾನು ಅವನಿಂದ ಬಾಯಿಮಾತಿನ ಉತ್ತರವನ್ನಷ್ಟೇ ಕೇಳಿದ್ದರಿಂದ ಅವನಿಗೆ ಗೊತ್ತಿದ್ದದ್ದು ನನಗೆ ಕಂಡಿರಲಿಲ್ಲ.

ನನ್ನದೇ ಒಂದು ತಪ್ಪು

ಉತ್ಸಾಹದಲ್ಲಿ ‘ಹಲ್ಲು’ ಎಂಬ ಪದವನ್ನೂ ಕೊಟ್ಟೆ. ಹಲವರು ಮೊದಲ ಹೆಜ್ಜೆಯನ್ನು ಎಳೆದರು. ‘ತಪ್ಪು, ಇದರಲ್ಲಿ ದೀರ್ಘವಿಲ್ಲ’ ಎಂದುಬಿಟ್ಟೆ. ರಾತ್ರಿ ಮಾತ್ರೆ ಎಣಿಸಿದಾಗ ನಾಚಿಕೆಯಾಯಿತು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ. ‘ಹಾಲು’ ಮೂರು ಮಾತ್ರೆ, ‘ಹಲ್ಲು’ ಕೂಡ ಮೂರು ಮಾತ್ರೆ. ಮಕ್ಕಳ ಕಾಲು ಹೆಚ್ಚಿನ ಒಂದು ಮಾತ್ರೆಯನ್ನು ಸರಿಯಾಗಿಯೇ ಹಿಡಿದಿತ್ತು. ಸಾಲದೆ ಬಂದದ್ದು ನನ್ನ ನಿಯಮ.

ಮರುದಿನ ‘ನಿನ್ನೆ ನೀವು ಸರಿ, ಟೀಚರೇ ತಪ್ಪು’ ಎಂದು ಹೇಳಿ, ಎರಡೂ ಪದಗಳನ್ನು ನಿಧಾನವಾಗಿ ಹೇಳಿಸಿದೆ. ‘ಹಾಲು ಹೇಳುವಾಗ ನಾಲಗೆ ಎಲ್ಲಿದೆ? ಹಲ್ಲು ಹೇಳುವಾಗ?’ ಎಂದು ಕೇಳಿದೆ. ‘ಹಲ್ಲಿನಲ್ಲಿ ನಾಲಗೆ ಅಂಟಿ ನಿಲ್ತದೆ’ ಎಂದಳು ಮೂರನೆಯ ತರಗತಿಯ ಹುಡುಗಿ. ಅವಳ ಮಾತೇ ಮೂರನೆಯ ನಿಯಮವಾಯಿತು: ಒತ್ತಕ್ಕೆ ಹೆಜ್ಜೆ ಇಟ್ಟು ನಿಲ್ಲಬೇಕು, ಮತ್ತೆ ಹೆಜ್ಜೆ. ದೀರ್ಘಕ್ಕೆ ಎಳೆತ, ಒತ್ತಕ್ಕೆ ನಿಲುಗಡೆ. ಸಮಯ ಒಂದೇ, ಚಲನೆ ಬೇರೆ.

ಫಲಿತಾಂಶ ಮತ್ತು ಮಿತಿ

ಪ್ರತಿದಿನ ಹತ್ತು ನಿಮಿಷದ ನಡಿಗೆ, ಕೂಡಲೇ ಸ್ಲೇಟು. ಬರೆಯುವ ಮೊದಲು ಮಕ್ಕಳು ಕುಳಿತಲ್ಲೇ ಕಾಲಿನ ಹೆಬ್ಬೆರಳು ಎಳೆದು ನೋಡುತ್ತಿದ್ದರು. ವಾರದ ಕೊನೆಗೆ ಇಳಿ ಬಿಟ್ಟುಹೋಗುವುದು ಬಹಳ ಕಡಿಮೆಯಾಯಿತು. ಒತ್ತಕ್ಷರ ಮಾತ್ರ ಅಷ್ಟು ಸುಲಭದಲ್ಲಿ ಬರಲಿಲ್ಲ. ಒತ್ತು ಇದೆ ಎಂದು ಹೆಜ್ಜೆ ತಿಳಿಸುತ್ತದೆ, ಅದರ ಆಕಾರವನ್ನು ತಿಳಿಸುವುದಿಲ್ಲ. ಅದಕ್ಕೆ ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವುದೇ ಆಗಬೇಕಾಯಿತು. ಆ ಬಾಲಕ ನಾನು ಹೊರಡುವವರೆಗೂ ಹೆಚ್ಚು ಮಾತಾಡಲಿಲ್ಲ. ಆದರೆ ಅವನ ಸ್ಲೇಟಿನಲ್ಲಿ ‘ಹಾಲು’ ಇತ್ತು, ಇಳಿಯೊಂದಿಗೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹಾಡು, ಚಲನೆಯ ಪಾಠ ಮಾಡುವ ಮುನ್ನ ಮೂರು ಸಂಗತಿ ಕೇಳಿಕೊಳ್ಳಬಹುದು.

1. ಕಲಿಸಬೇಕಾದ ಅಂಶವೇ ಚಲನೆಯಲ್ಲಿದೆಯೇ, ಅಥವಾ ಚಲನೆ ಬರೀ ಅಲಂಕಾರವೇ? ಕೂಡುವುದಕ್ಕೆ ಮುಂದೆ ಜಿಗಿತ, ಕಳೆಯುವುದಕ್ಕೆ ಹಿಂದೆ ಜಿಗಿತ ಎಂದರೆ ಗಣಿತ ಅದರಲ್ಲೇ ಇದೆ. ಸಂಖ್ಯೆಯ ಹಾಡಿಗೆ ಸುಮ್ಮನೆ ಸೊಂಟ ಕುಣಿಸಿದರೆ ಇಲ್ಲ.

2. ಹಾಡು ನಿಂತ ಮೇಲೆ ಏನು ಉಳಿಯಿತು? ಮೌನದಲ್ಲಿ, ಒಬ್ಬೊಬ್ಬರಾಗಿ ನೋಡಬೇಕು. ಗುಂಪಿನ ಗಲಾಟೆಯಲ್ಲಿ ಎಲ್ಲರೂ ಕಲಿತಂತೆಯೇ ಕಾಣುತ್ತದೆ.

3. ಮಾತಾಡದ ಮಗುವಿಗೆ ಉತ್ತರಿಸಲು ಬೇರೆ ದಾರಿ ಕೊಟ್ಟಿದ್ದೇವೆಯೇ?

ದಿನಚರಿಯಲ್ಲಿ ಆ ಬಾಲಕನ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿ, ಕೆಳಗೆ ಹೀಗೆ ಬರೆದೆ: ‘ದೀರ್ಘ ಗುರುತಿಸುತ್ತಾನೆ. ಕೇಳುವ ಕ್ರಮವನ್ನು ನಾನು ಬದಲಾಯಿಸಬೇಕಿತ್ತು.’