ಪೆಟ್ಟಿಗೆಯಲ್ಲಿರುವ ಚಿತ್ರಗಳನ್ನು ನೋಡುವ ಬಗೆ

1683ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಸಂಗ್ರಹಾಲಯದ ಪ್ರವೇಶ ಉಚಿತವಾದರೂ, ಅದರ ನಿಜವಾದ ಔದಾರ್ಯ ಮನವರಿಕೆಯಾಗುವುದು ಪ್ರಿಂಟ್ ರೂಮ್‌ನಲ್ಲಿ, ಅಂದರೆ ಕಾಗದದ ಮೇಲಿನ ರೇಖಾಚಿತ್ರಗಳನ್ನೂ ಅಚ್ಚುಚಿತ್ರಗಳನ್ನೂ ಕಾಪಿಟ್ಟಿರುವ ಅಧ್ಯಯನ ಕೊಠಡಿಯಲ್ಲಿ. ಬೆಳಕು ತಾಗಿದಷ್ಟೂ ಶಾಯಿ ಮಾಸಿ ಕಾಗದ ಬಣ್ಣಗೆಡುವುದರಿಂದ ರಫೇಲ್, ಮೈಕೆಲ್ಯಾಂಜೆಲೊ ಅವರ ರೇಖಾಚಿತ್ರಗಳು ಬಹುಪಾಲು ಕಾಲ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಆದರೆ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡವರು ವಿದ್ವಾಂಸರಲ್ಲದಿದ್ದರೂ ಇಂತಹ ಹಾಳೆಗಳನ್ನು ಹತ್ತಿರದಿಂದ ನೋಡಬಹುದು. ರಫೇಲನ ಇಬ್ಬರು ಅಪೊಸ್ತಲರ ತಲೆ ಮತ್ತು ಕೈಗಳ ಅಧ್ಯಯನಚಿತ್ರದಲ್ಲಿ, ಮೂಲ ನಕ್ಷೆಯ ರಂಧ್ರಗಳ ಮೂಲಕ ಪುಡಿ ತಟ್ಟಿ ಮೂಡಿಸಿದ ಚುಕ್ಕಿಗಳು ಕಪ್ಪು ಸೀಮೆಸುಣ್ಣದ ಗೆರೆಗಳ ನಡುವೆ ಇಂದಿಗೂ ಕಾಣುತ್ತವೆ, ಮತ್ತು ಅಂತಹ ಸೂಕ್ಷ್ಮ ಯಾವ ಅಚ್ಚಿನ ಪುಸ್ತಕದಲ್ಲೂ ಪೂರ್ತಿ ದಕ್ಕದು. ಆದುದರಿಂದ, ಅಲ್ಲಿಗೆ ಓದಲು ತೆರಳುವ ಕನ್ನಡದ ವಿದ್ಯಾರ್ಥಿಗಳೂ ಸೇರಿದಂತೆ ಯಾರೇ ಆಗಲಿ, ಒಂದೇ ದಿನದಲ್ಲಿ ಎಲ್ಲ ಪ್ರದರ್ಶನ ಕೊಠಡಿಗಳನ್ನು ಸುತ್ತುವ ಆತುರ ಬಿಟ್ಟು, ಒಬ್ಬನೇ ಕಲಾವಿದನ ಎರಡು ಮೂರು ಹಾಳೆಗಳನ್ನು ಮೊದಲೇ ಆರಿಸಿ ಕೇಳಿಕೊಳ್ಳುವುದು ಲೇಸು. ಟಿಪ್ಪಣಿಗೆ ಪೆನ್ನಿನ ಬದಲು ಪೆನ್ಸಿಲನ್ನೇ ಒಯ್ಯಬೇಕು.